ದೃಷ್ಟಿ ತೆಗೆಯದ ಈಶ್ವರಮ್ಮ

ಶಿವಮೊಗ್ಗದಲ್ಲಿ ಎಳೆಮಕ್ಕಳಿಗೆ ನೀರು ಹಾಕುವ ಹೆಂಗಸರು ಇನ್ನೂ ಇದ್ದಾರೆ. ಅವರಲ್ಲಿ ಈಶ್ವರಮ್ಮನಿಗೆ ಮೊದಲ ಮಣೆ. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಅವಳದೊಂದು ಒಂಟಿ ಕೋಣೆ. ಅಲ್ಲಿಂದ ಬೆಳಗ್ಗೆ ಏಳಕ್ಕೆ ಹೊರಟರೆ ಹನ್ನೊಂದರ ಹೊತ್ತಿಗೆ ನಾಲ್ಕು ಮನೆ ಮುಗಿಸುತ್ತಾಳೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆ ಎತ್ತಿ ಕಟ್ಟಿ, ಎರಡೂ ಕಾಲು ನೀಳವಾಗಿ ಚಾಚುತ್ತಾಳೆ. ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕಡ್ಲೆಹಿಟ್ಟು ಹಚ್ಚಿ, ಬಿಸಿನೀರು ಹೊಯ್ಯುತ್ತಾಳೆ. ಚಪ್ಪಟೆ ತಲೆ ದುಂಡಗೆ ಮಾಡುವುದು, ಮೂಗು ನೀವಿ ಎತ್ತರಿಸುವುದು ಎಲ್ಲ ಅವಳಿಗೆ ಸೇರಿದ್ದು.

"ಆ ಬ್ಯಾಂಕ್ ಮ್ಯಾನೇಜರ್ ಮಗನ ಮೂಗು ಇದೆಯಲ್ಲ, ಅದು ನಂದು ಮಾರಾಯ್ತಿ," ಎಂದು ಬಾಣಂತಿಯರನ್ನು ನಗಿಸುತ್ತಾಳೆ. "ಅವರಪ್ಪನ ಮೂಗೇ ಇದ್ದಿದ್ರೆ ನಾಳೆ ಅವನಿಗೆ ಹೆಣ್ಣೇ ಸಿಗ್ತಿರ್ಲಿಲ್ಲ."

ಒಂದನ್ನು ಮಾತ್ರ ಈಶ್ವರಮ್ಮ ಮಾಡುವುದಿಲ್ಲ. ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ಮೂರು ಸಲ ಇಳಿ ತೆಗೆದು ಒಲೆಗೆ ಹಾಕುವುದು ಈ ಕೆಲಸದವರ ಪದ್ಧತಿ. ದೃಷ್ಟಿ ತೆಗಿ ಎಂದರೆ ಇವಳು ತಲೆಯಾಡಿಸುತ್ತಾಳೆ. "ನಂಗದು ಬರಲ್ಲ." ಅಡುಗೆ ಭಟ್ಟರಿಗೆ ಒಗ್ಗರಣೆ ಬರಲ್ಲ ಅಂದ ಹಾಗಾಯ್ತು ಎಂದು ಮನೆಯವರು ನಗುತ್ತಾರೆ. ಆಮೇಲೆ ತಾವೇ ದೃಷ್ಟಿ ತೆಗೆಯುತ್ತಾರೆ.

ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಅವಳು ಕೊನೆಯ ಸಲ ದೃಷ್ಟಿ ತೆಗೆದದ್ದು ಹನ್ನೊಂದು ವರ್ಷದ ಹಿಂದೆ, ಭದ್ರಾವತಿಯಲ್ಲಿ.

ಆಗ ಅವಳ ಸಂಸಾರ ಅಲ್ಲಿತ್ತು. ಗಂಡ ಕಲ್ಲಪ್ಪ ಹಮಾಲಿ ಮಾಡುತ್ತಿದ್ದ. ಅತ್ತೆಯಿಂದ ಕಲಿತ ಈ ಕೆಲಸ ಅವಳ ಪಾಲಿಗಿತ್ತು. ಹಳೇ ಕ್ವಾರ್ಟರ್ಸಿನ ಒಂದು ಮನೆಯಲ್ಲಿ ಅನುಷಾ ಎಂಬ ಇಪ್ಪತ್ತೊಂದರ ಹುಡುಗಿಗೆ ಚೊಚ್ಚಲು ಹೆಣ್ಣುಮಗು. ತವರಿನಲ್ಲಿ ಒಂದೂವರೆ ತಿಂಗಳು ಬಾಣಂತನ ಆಗುತ್ತಿದ್ದಂತೆ ಗಂಡನ ಮನೆಯವರು ಅವಸರ ಮಾಡಿ ಕರೆತಂದಿದ್ದರು. ಗಂಡ ಪರಶುರಾಮನ ಬಾಯಿ ಜೋರು. ಅವನು ಮನೆಯಲ್ಲಿ ಕೂಗಿದರೆ ಸಾಲಿನ ಕೊನೆಯ ಮನೆಯವರು ಟೀವಿ ಸದ್ದು ತಗ್ಗಿಸಿ ಕೇಳುತ್ತಿದ್ದರು.

ಆ ಮಗು ನೀರಿಗೆ ಅಳುತ್ತಿರಲಿಲ್ಲ. ಬೇರೆ ಮಕ್ಕಳು ಚೊಂಬಿನ ಸದ್ದಿಗೇ ರಂಪ ಮಾಡುತ್ತವೆ. ಇದು ಕಣ್ಣು ಬಿಟ್ಟು ಮುಖ ನೋಡುತ್ತಿತ್ತು, ಅಷ್ಟೇ. ಇನ್ನೂ ಹೆಸರಿಟ್ಟಿರಲಿಲ್ಲ, ಈಶ್ವರಮ್ಮ ಪುಟ್ಟಿ ಎನ್ನುತ್ತಿದ್ದಳು. ಒಂದು ಬೆಳಗ್ಗೆ ಎಣ್ಣೆ ಹಚ್ಚುವಾಗ ಪುಟ್ಟಿಯ ಮೇಲ್ತೋಳಿನಲ್ಲಿ ನೀಲಿ ಕಂಡಿತು. ಹೊರಮೈಗೆ ನಾಲ್ಕು, ಒಳಮೈಗೆ ಒಂದು. ಹುಟ್ಟಿದಾಗಲೇ ಸೊಂಟದ ಮೇಲೆ ನೀಲಿ ಮಚ್ಚೆ ಇರುವ ಕೂಸುಗಳನ್ನು ಅವಳು ನೂರಾರು ನೋಡಿದ್ದಳು. ದೇವರು ಇಟ್ಟ ನೀಲಿಗೆ ಬೆರಳಿನ ಲೆಕ್ಕ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ತಲೆ ಎತ್ತಿದಳು. ಬಚ್ಚಲ ಬಾಗಿಲಲ್ಲಿ ಅನುಷಾ ಟವೆಲ್ ಹಿಡಿದು ನಿಂತಿದ್ದಳು. ಅವಳ ತುಟಿ ಅಲುಗಿತು. ಅಷ್ಟರಲ್ಲಿ ಹಿಂದಿನಿಂದ ಅವಳ ಅತ್ತೆ ಇಣುಕಿ, "ಏನದು ನೀಲಿ?" ಎಂದರು.

ಒಂದು ಗಳಿಗೆ. ಒಂದೇ ಗಳಿಗೆಯಲ್ಲಿ ಈಶ್ವರಮ್ಮ ಏನೇನೆಲ್ಲ ತೂಗಿದಳು! ಬಾಯಿ ಬಿಟ್ಟರೆ ಸಂಜೆ ಆ ಪರಶುರಾಮ ಈ ಹುಡುಗಿಯ ಮೇಲೆ ಬೀಳುತ್ತಾನೆ. ಅದು ಒಂದು. ಮನೆಯ ಮಾತು ಹೊರಗೆ ಹಾಕುವ ನೀರಿನವಳನ್ನು ನಾಳೆಯಿಂದ ಯಾರು ಒಳಗೆ ಕರೆಯುತ್ತಾರೆ? ಇದು ಇನ್ನೊಂದು. ಎರಡನೆಯದೇ ಹೆಚ್ಚು ತೂಗಿತು ಎಂದು ಅವಳು ಈಗ ಮುಚ್ಚುಮರೆ ಇಲ್ಲದೆ ಒಪ್ಪುತ್ತಾಳೆ.

"ದೃಷ್ಟಿ ಅಮ್ಮೋರೆ," ಎಂದುಬಿಟ್ಟಳು. "ಕೆಟ್ಟ ಕಣ್ಣು ಬಿದ್ರೆ ಹೀಗೆ ನೀಲಿಗಟ್ಟುತ್ತೆ."

ಈಶ್ವರಮ್ಮನಿಗೆ ಕೆಲಸ ಕಲಿಸಿದ ಅತ್ತೆಯಾಗಲಿ, ಆ ಅತ್ತೆಯ ಅತ್ತೆಯಾಗಲಿ ಅಂಥ ಮಾತು ಆಡಿದವರಲ್ಲ. ಅಲ್ಲೇ ಕೂತಲ್ಲಿ ಹುಟ್ಟಿದ ಸುಳ್ಳು ಅದು. ಉಪ್ಪು, ಮೆಣಸಿನಕಾಯಿ ಬಂದವು. ಇಳಿ ತೆಗೆದು ಹಂಡೆಯ ಒಲೆಗೆ ಹಾಕಿದಳು. ನಿಜವಾಗಿ ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅವತ್ತು ಘಾಟು ಹೊಡೆಯಿತು ನೋಡಿ, ಮನೆಮಂದಿಯೆಲ್ಲ ಕೆಮ್ಮಿದರು. ಅನುಷಾ ಕೆಮ್ಮುತ್ತ ಕೆಮ್ಮುತ್ತ ಇವಳ ಮುಖವನ್ನೇ ನೋಡಿದಳು.

"ಮೆಣಸಿನಕಾಯಿ ಹೊಸಾದು, ಅದಕ್ಕೇ," ಎಂದಳು ಈಶ್ವರಮ್ಮ.

ಹನ್ನೆರಡು ದಿನಕ್ಕೆ ಪುಟ್ಟಿ ಹೋಯಿತು. ಹಾಲು ನೆತ್ತಿಗೆ ಹತ್ತಿತು ಎಂದರು. ಯಾರೂ ಈಶ್ವರಮ್ಮನನ್ನು ಏನೂ ಕೇಳಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ. ಅದೇ ವರ್ಷ ಕಲ್ಲಪ್ಪ ತೀರಿಕೊಂಡ. ಅವಳು ಭದ್ರಾವತಿಗೆ ಬೆನ್ನು ಹಾಕಿ ಶಿವಮೊಗ್ಗ ಸೇರಿದಳು. ಊರು ಬಿಟ್ಟರೆ ಎಲ್ಲ ಬಿಟ್ಟಂತೆ ಎಂದುಕೊಂಡಿದ್ದಳು, ಪಾಪ.

ಸತ್ತವರು ದೆವ್ವವಾಗಿ ಬಂದು ಅಳುತ್ತಾರೆ, ಅರಚುತ್ತಾರೆ ಎನ್ನುತ್ತಾರೆ. ಈ ಮಗು ಅದ್ಯಾವುದನ್ನೂ ಮಾಡಲಿಲ್ಲ. ಬದುಕಿದ್ದಾಗ ನೋಡುತ್ತಿದ್ದಂತೆ ಸುಮ್ಮನೆ ನೋಡಿತು. ಯಾರ ಮನೆಯ ಬಚ್ಚಲಲ್ಲಿ ಕೂತರೂ ಚಾಚಿದ ಕಾಲುಗಳ ಮೇಲೆ ಇನ್ನೊಂದು ಮಗುವಿನ ಭಾರ ಇದ್ದಂತೆ ಅವಳಿಗೆ ಅನ್ನಿಸುತ್ತಿತ್ತು. ಎಣ್ಣೆಯ ಬಟ್ಟಲು ಮುಟ್ಟುವ ಮೊದಲೇ ಬೆರಳು ತಾವಾಗಿ ಮಗುವಿನ ಮೇಲ್ತೋಳಿಗೆ ಹೋಗುತ್ತಿದ್ದವು. ಬಜಾರಿನಲ್ಲಿ ಯಾರೋ ಮೆಣಸಿನಕಾಯಿ ಹುರಿದಾಗ ಊರಿಗೆಲ್ಲ ಕೆಮ್ಮು ಬಂದರೆ ಇವಳಿಗೆ ಬೆವರು ಬರುತ್ತಿತ್ತು. ಪರಶುರಾಮನಿಗೆ ಹಿಡಿಶಾಪ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಅವನ ಕೈ ಸೇದಿಹೋಗಲಿ ಎಂದು ಹನ್ನೊಂದು ವರ್ಷ ದೇವರ ದೀಪದ ಮುಂದೆ ಹೇಳಿದ್ದಾಳೆ.

ಹೋದ ಮಾಘದಲ್ಲಿ ವಿನೋಬನಗರದ ಸುಭದ್ರಮ್ಮ ಕರೆಸಿದರು. ಬಜಾರಿನಲ್ಲಿ ಸಗಟು ಬಟ್ಟೆ ವ್ಯಾಪಾರದ ಮನೆ. ಸೊಸೆ ಪ್ರಿಯದರ್ಶಿನಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಅತ್ತೆಮನೆಯಲ್ಲೇ. ಮಗ ರೇಣುಕಾಪ್ರಸಾದ್ ಮೆತ್ತಗಿನ ಮನುಷ್ಯ, ಮಾತಿಗೆ ಮೊದಲು ಎರಡು ಸಲ ಅಮ್ಮನ ಮುಖ ನೋಡುವವ. ಗಂಡುಮಗು ಹುಟ್ಟಿದಾಗಿನಿಂದ ಓಣಿ ತುದಿಗೆ ಕೇಳುವಂತೆ ಅಳುತ್ತಿತ್ತು. ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಅಳುವುದನ್ನೇ ನಿಲ್ಲಿಸಿತು.

"ಈಗ ಜಾಣ ಆಗಿದಾನೆ ನಮ್ಮ ರಾಜ," ಎಂದು ಸುಭದ್ರಮ್ಮ ಹಿಗ್ಗಿದರು. "ನಿನ್ನೆಯಿಂದ ಕುಂಯ್ ಅಂದಿಲ್ಲ."

ಮಗು ಈಶ್ವರಮ್ಮನ ಕಾಲ ಮೇಲೆ ಮಲಗಿ ಅವಳ ಮುಖ ನೋಡಿತು. ಮೇಲ್ತೋಳು ನೋಡಲು ಅವಳಿಗೆ ಧೈರ್ಯ ಬೇಕಾಯಿತು. ನೋಡಿದಳು. ಹೊರಗೆ ನಾಲ್ಕು, ಒಳಗೆ ಒಂದು.

ನೀರು ಹಾಕಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಸುಭದ್ರಮ್ಮ ಒಳಗೆ ಹೋಗಿದ್ದರು, ಬಚ್ಚಲಲ್ಲಿ ಬಾಣಂತಿ ಒಬ್ಬಳೇ ಇದ್ದಳು.

"ಬಾಗಿಲು ಹಾಕವ್ವ," ಎಂದಳು. ಪ್ರಿಯದರ್ಶಿನಿ ಚಿಲಕ ಹಾಕಿದಳು. "ಯಾರ ಕೈ ಮಗಳೇ ಇದು? ಹೆದರಬೇಡ. ನಾನಿದೀನಿ."

ಗಂಡನ ಹೆಸರು ಬರುತ್ತದೆ ಎಂದು ಈಶ್ವರಮ್ಮ ಕಾದಿದ್ದಳು. ಮೆತ್ತಗಿನವರನ್ನೂ ನಂಬಬಾರದು ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು. ಪ್ರಿಯದರ್ಶಿನಿ ಗೀಸರಿನ ಕೆಂಪು ದೀಪದತ್ತ ತಿರುಗಿದಳು.

"ನಂದೇ ಅಜ್ಜಿ," ಎಂದಳು. "ಸರಿಯಾಗಿ ನಿದ್ದೆ ಮಾಡಿ ಒಂದು ತಿಂಗಳಾಯ್ತು. ಅವನು ಅಳ್ತಾನೇ ಇದ್ದ. ಸುಮ್ನಾಗು ಅಂತ ಹಿಡ್ಕೊಂಡೆ. ಹಿಡ್ಕೊಂಡಿದ್ದು ಗೊತ್ತು, ಬಿಟ್ಟಿದ್ದು ಗೊತ್ತಿಲ್ಲ. ನಂಗೆ ನನ್ನ ಕಂಡ್ರೇ ಭಯ ಆಗ್ತಿದೆ. ಇವನನ್ನ ನನ್ನ ಹತ್ರ ಬಿಡಬೇಡಿ ಅಂತ ಹೇಳೋಣ ಅಂದ್ರೆ ಯಾರಿಗೆ ಹೇಳ್ಲಿ?"

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಸುಭದ್ರಮ್ಮ. ಟವೆಲ್ ಸರಿಸಿ ತೋಳು ನೋಡಿದವರೇ ಎದೆ ಹಿಡಿದುಕೊಂಡರು.

"ಅಯ್ಯೋ ಶಿವನೇ, ಯಾರ ಕಣ್ಣು ಬಿತ್ತೋ! ಈಶ್ವರಮ್ಮ, ಇವತ್ತೊಂದು ದಿನ ನೀನೇ ದೃಷ್ಟಿ ತೆಗಿ ಮಾರಾಯ್ತಿ."

"ಇದು ಕಣ್ಣಲ್ಲ ಅಮ್ಮೋರೆ, ಕೈ," ಎಂದಳು ಈಶ್ವರಮ್ಮ. "ನಿಮ್ಮ ಸೊಸೆಗೆ ಹುಷಾರಿಲ್ಲ. ಕೆಟ್ಟೋಳಲ್ಲ ಅವಳು, ಹುಷಾರಿಲ್ಲ. ಮಗೂನೂ ಅವಳನ್ನೂ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ನೀರು ಹಾಕೋಕೆ ಬಂದೋಳು ನೀರು ಹಾಕಿ ಹೋಗು. ನಮ್ಮ ಮನೆ ಮಾನ ಏನಾಗ್ಬೇಕು?"

"ಮಾನ ಆಮೇಲೆ ನೋಡ್ಕೊಳ್ಳೋಣ. ಕಾರು ತೆಗೆಯೋ ತನಕ ಮಗೂನ ಯಾರ ಕೈಗೂ ಕೊಡಲ್ಲ ನಾನು."

ಹೊಸ್ತಿಲಲ್ಲೇ ಕೂತುಬಿಟ್ಟಳು. ಅರವತ್ತೇಳರ ಮುದುಕಿ, ಎಣ್ಣೆ ಕೈ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ. ಸುಭದ್ರಮ್ಮ ಬೈದರು, ಅತ್ತರು, ಇವತ್ತಿಗೇ ನಿನ್ನ ಕೆಲಸ ಮುಗೀತು ಎಂದರು. ಗಲಾಟೆಗೆ ರೇಣುಕಾಪ್ರಸಾದ್ ಬಂದ. ಹೆಂಡತಿಯ ಮುಖ ನೋಡಿದ; ಆ ದಿನ ಅಮ್ಮನ ಮುಖ ನೋಡಲಿಲ್ಲ. ಕಾರಿನ ಕೀಲಿ ತಂದ.

ಮಗುವಿನ ಮೂಳೆಗೆ ಏನೂ ಆಗಿರಲಿಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆ, ಔಷಧಿ ಇದೆ, ವಾಸಿಯಾಗುತ್ತದೆ, ಸದ್ಯಕ್ಕೆ ತಾಯಿಯ ಬಳಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮೊದಲು ಅವಳು ನಿದ್ದೆ ಮಾಡಲಿ ಎಂದರು ಡಾಕ್ಟರು. ಮಕ್ಕಳ ರಕ್ಷಣೆಯವರು ಎರಡು ಸಲ ಮನೆಗೆ ಬಂದು ನೋಡಿಹೋದರು. ಮೂರು ವಾರಕ್ಕೆ ಮಗು ಮತ್ತೆ ಓಣಿ ತುದಿಗೆ ಕೇಳುವಂತೆ ಅಳತೊಡಗಿತು. ಸುಭದ್ರಮ್ಮ ಈಶ್ವರಮ್ಮನೊಂದಿಗೆ ಮಾತು ಬಿಟ್ಟರು, ಆದರೆ ನೀರು ಹಾಕಲು ಬೇರೆಯವರನ್ನು ಕರೆಸಲಿಲ್ಲ.

ಇಷ್ಟಾದರೆ ಈಶ್ವರಮ್ಮನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ನಂದೇ ಅಜ್ಜಿ ಎಂದಾಗ ಅಲುಗಿದ ತುಟಿ ಪ್ರಿಯದರ್ಶಿನಿಯದು, ಈಶ್ವರಮ್ಮನಿಗೆ ಕಂಡದ್ದು ಅನುಷಾಳದು. ಆ ಹುಡುಗಿ ಅವತ್ತು ಏನು ಹೇಳಲು ಹೊರಟಿದ್ದಳು? ಈ ಪ್ರಶ್ನೆ ಅನ್ನ ನುಂಗಲು ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ ಭದ್ರಾವತಿ ಬಸ್ಸು ಹತ್ತಿದಳು.

ಅನುಷಾ ಗಂಡನ ಮನೆ ಬಿಟ್ಟು ಅದೇ ಊರಿನ ತವರಿನಲ್ಲಿದ್ದಳು. ಜಗಲಿಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಮೂವತ್ತೆರಡಕ್ಕೇ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದಳು, ಚಾಪೆ ಹಾಸಿದಳು. ಈಶ್ವರಮ್ಮ ಶಿವಮೊಗ್ಗದ ಕಥೆ ಹೇಳಿದಳು. ಮುಗಿಸಿ, ಹನ್ನೊಂದು ವರ್ಷದ ಹಿಂದೆ ಕೇಳಬೇಕಿದ್ದನ್ನು ಕೇಳಿದಳು.

"ಯಾರ ಕೈ ಮಗಳೇ ಅದು?"

"ನಂದು," ಎಂದಳು ಅನುಷಾ, ಸೂಜಿ ನಿಲ್ಲಿಸದೆ. "ಅವರು ಕೂಗ್ತಿದ್ರು, ಅಷ್ಟೇ. ಮಗೂನ ಒಂದಿನ ಮುಟ್ಟಿದೋರಲ್ಲ. ಅವತ್ತು ಬಾಯಿ ತನಕ ಬಂದಿತ್ತು ಅಜ್ಜಿ, ನೀವು ದೃಷ್ಟಿ ಅಂದ್ರಿ. ಘಾಟು ಬಂತು. ಹಾಗಾದ್ರೆ ದೃಷ್ಟಿ ಅಲ್ಲ, ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ನಿಮ್ಮ ಮುಖಾನೇ ನೋಡ್ತಿದ್ದೆ. ಮೆಣಸಿನಕಾಯಿ ಹೊಸಾದು ಅಂದ್ರಿ."

ಈಶ್ವರಮ್ಮ ಕ್ಷಮೆ ಕೇಳಲು ಬಂದವಳು. ಆ ಮಾತು ಎತ್ತಲು ಈಗ ನಾಚಿಕೆಯಾಯಿತು.

"ಆ ಹುಡುಗಿ ಹೇಗಿದಾಳೆ ಈಗ?" ಎಂದಳು ಅನುಷಾ.

"ಮಾತ್ರೆ ತಗೋತಾಳೆ. ರಾತ್ರಿ ಹೊತ್ತು ಮಗೂನ ಗಂಡ ನೋಡ್ಕೋತಾನೆ. ಅವಳು ಮಲಗ್ತಾಳೆ."

"ನಿದ್ದೆ ಬರುತ್ತಾ?"

"ಬರುತ್ತೆ."

ಅನುಷಾ ಆಗ ಸೂಜಿಯನ್ನು ಸೀರೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ನಂಗೆ ಯಾರೂ ಮಲಕ್ಕೋ ಅನ್ಲಿಲ್ಲ ಅಜ್ಜಿ," ಎಂದಳು. "ಒಬ್ಬರಾದ್ರೂ ಮಗೂನ ಈಸ್ಕೊಂಡು, ಹೋಗು, ಒಂದು ಗಳಿಗೆ ಮಲಕ್ಕೋ ಅಂದಿದ್ರೆ..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಈಶ್ವರಮ್ಮ ಆ ಜಗಲಿಯಲ್ಲೇ ಕೂತಳು. ಎದುರಿನ ರಸ್ತೆಯಲ್ಲಿ ಶಿವಮೊಗ್ಗದ ಬಸ್ಸುಗಳು ಒಂದಾದ ಮೇಲೊಂದು ಹೋದವು, ಅವಳು ಏಳಲಿಲ್ಲ.