ಎಸ್ತೇರಬಾಯಿಯ ರೊಟ್ಟಿ

ಹುಮನಾಬಾದಿನ ಚರ್ಚಿನಲ್ಲಿ ಯೇಸುವಿನ ಕಡೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನಕ್ಕೆ ಬೇಕರಿ ಬ್ರೆಡ್ ಬಂದು ವರ್ಷಗಳಾದವು; ಅದಕ್ಕೂ ಮೊದಲು ಎಸ್ತೇರಬಾಯಿ ಬಡಿದ ಜೋಳದ ರೊಟ್ಟಿಯನ್ನೇ ಪಾದ್ರಿಗಳು ಮುರಿದು ಹಂಚುತ್ತಿದ್ದರು. ಈಗಲೂ ಭೋಜನದ ಭಾನುವಾರ ಅವರು ನಸುಕಿನಲ್ಲೇ ಒಂದು ರೊಟ್ಟಿ ಬಡಿದು, ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು ಬಸವಕಲ್ಯಾಣದಿಂದ ಬಸ್ಸು ಹಿಡಿಯುತ್ತಾರೆ. ಗಂಟು ಮೇಲಿಡಿ ಎಂದ ಕಂಡಕ್ಟರನಿಗೆ ಬೈಗುಳ ತಪ್ಪಿದ್ದಲ್ಲ. ಚರ್ಚಿನ ಮುಂದಿನ ಸಾಲಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. "ಆಯೀ, ಬೇಕರಿ ಜೋಡಿ ಪೈಪೋಟಿ ಹಚ್ಚೀರೇನು?" ಎಂದು ಹೆಂಗಸರು ಕೆಣಕಿದರೆ, "ಬ್ರೆಡ್ ಸಾಲಲಿಲ್ಲಂದ್ರ ನನ್ನ ರೊಟ್ಟಿನೇ ಕೇಳ್ತಾರ, ನೋಡ್ತಿರ್ರಿ. ಐದು ರೊಟ್ಟಿ ಐದು ಸಾವಿರ ಮಂದಿಗಿ ಸಾಲಿಸಿದ ಕರ್ತಗ ಇದೊಂದು ಸಾಕು," ಎನ್ನುತ್ತಾರೆ. ಬ್ರೆಡ್ ಯಾವತ್ತೂ ಸಾಲುತ್ತದೆ. ಆಮೇಲೆ ಗೇಟಿನ ಬಳಿ ಅವರು ಗಂಟು ಬಿಚ್ಚಿದಾಗ, ಒಳಗೆ ಭೋಜನ ಸ್ವೀಕರಿಸಿ ಬಂದ ಹಿರಿಯರೇ ಮತ್ತೆ ಕೈಯೊಡ್ಡಿ, ಹಳೆಯ ರುಚಿಯನ್ನು ನಿಧಾನವಾಗಿ ಸವಿಯುತ್ತಾರೆ. ಈ ಸಲದ ಈಸ್ಟರಿಗೆ ಊರೂರಿನಿಂದ ನೆಂಟರು ಬಂದು ಕೊನೆಗೂ ಬ್ರೆಡ್ ಕಡಿಮೆ ಬಿತ್ತು. ಪಾದ್ರಿಗಳು ವೇದಿಕೆಯಿಂದ ಕೆಳಗಿಳಿದು ಬಂದು ಎಸ್ತೇರಬಾಯಿಯ ಮುಂದೆ ಕೈಚಾಚಿದರು. ಆಕೆ ಖಾಲಿ ವಸ್ತ್ರ ಬಿಡಿಸಿ ತೋರಿಸಿದರು. "ಬಸ್ಸಿನಾಗ ಒಬ್ಬಾಕಿ ಬಾಣಂತಿ ಹಸ್ದು ಕುಂತಿದ್ಲರಿ, ಪಾದ್ರಿ ಸಾಬ್. ಮುರ್ದು ಕೊಟ್ಟು ಬಂದೀನಿ." ಪಾದ್ರಿಗಳು ಆ ವಸ್ತ್ರವನ್ನೇ ಕೇಳಿ ಪಡೆದು, ಮೇಜಿನ ಮೇಲೆ ಹಾಸಿ, ಉಳಿದ ಬ್ರೆಡ್ಡನ್ನು ಅದರ ಮೇಲಿಟ್ಟು ಇನ್ನಷ್ಟು ಸಣ್ಣಗೆ ಮುರಿಯತೊಡಗಿದರು.