ಸಣ್ಣ ಹಣ್ಣಿಗೆ ಚುಚ್ಚಿದ ಸೂಜಿ

ಗಂಗಕ್ಕಾ, ನಿಮ್ಮ ಮಾವಿನ ಹಣ್ಣಿನಲ್ಲಿ ಹುಳ ಜೀವಂತ ಉಳಿದದ್ದು ನನ್ನಿಂದ, ನಿಮ್ಮ ತೋಟದಿಂದಲ್ಲ. ಇಷ್ಟು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು — ಥೂ ನನ್ನ ಜನ್ಮಕ್ಕೆ.

ಅಥಣಿಯ ಆ ಪ್ಯಾಕ್‌ಹೌಸಿನಲ್ಲಿ, ಪರದೇಶಕ್ಕೆ ಹೋಗುವ ಹಣ್ಣನ್ನು ಬಿಸಿ ಹಬೆಯ ಕೋಣೆಯಲ್ಲಿಟ್ಟು ಕಾಯಿಸುವುದು ನನ್ನ ಕೆಲಸವಾಗಿತ್ತು. ಹಣ್ಣಿನ ನೊಣ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಅದು ಯಾರ ತೋಟವನ್ನೂ ಬಿಡುವುದಿಲ್ಲ. ಗೊರಟೆಯವರೆಗೆ ಕಾವು ಇಳಿದರೆ ಮಾತ್ರ ಹುಳ ಸಾಯುತ್ತದೆ. ಅದಕ್ಕೇ ಕಾವು ಅಳೆಯುವ ಸೂಜಿಯನ್ನು ಎಲ್ಲಕ್ಕಿಂತ ದೊಡ್ಡ ಹಣ್ಣಿಗೆ ಚುಚ್ಚಬೇಕು. ದೊಡ್ಡದು ಕಾದರೆ ಉಳಿದವೂ ಕಾದಂತೆ.

ಅಂದು ಕರೆಂಟ್ ಹೋಗಿ ಜನರೇಟರ್ ಓಡುತ್ತಿತ್ತು. ಕೋಣೆಯಲ್ಲಿದ್ದದ್ದು ನಿಮ್ಮೊಬ್ಬರದೇ ಹಣ್ಣು. ಮಾಲಕ ಬಂದು, "ಡೀಸೆಲ್ ನಿಮ್ಮಪ್ಪ ಕೊಡ್ತಾನೇನಲೇ? ಸಣ್ಣದಕ್ಕ ಚುಚ್ಚು, ಲಗೂ ಮುಗಸು" ಎಂದ. ಚುಚ್ಚಿದೆ. ಹೇಳಿದವನು ಅವನು, ನಿಜ — ಆದರೆ ಕೈ ಯಾರದು? ಬುಟ್ಟಿಯಲ್ಲಿ ಕೆದಕಿ ಕೆದಕಿ ಸಣ್ಣ ಹಣ್ಣು ಆರಿಸಿದವನು ಯಾರು?

ಪರದೇಶದವರು ಮಾಲನ್ನು ತಿರಸ್ಕರಿಸಿದರು. ದೊಡ್ಡ ಹಣ್ಣುಗಳಲ್ಲಿ ಹುಳ ಮಿಸುಕಾಡುತ್ತಿದ್ದವಂತೆ. ಮಾಲಕ ನಿಮ್ಮನ್ನೂ ನಿಮ್ಮ ಮೈದುನರನ್ನೂ ಕರೆಸಿ, "ನಿಮ್ಮ ತ್ವಾಟಾನ ಹುಳಕ ಬಿದ್ದೈತಿ, ಇನ್ನ ಇಲ್ಲಿ ಮಾಲ ತರಬ್ಯಾಡ್ರಿ" ಎಂದ. ನೀವು ಅವನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಿರಿ.

"ತಮ್ಮಾ, ಕಾಸಿದಾಂವ ನೀ. ನೀನ ಹೇಳಪಾ."

"ಹೌದ್ರಿ ಅಕ್ಕಾ, ನಿಮ್ಮ ಮಾಲ ಖರಾಬ್ ಇತ್ತು" ಎಂದೆ.

ನೊಣ ಹೆಚ್ಚಬಾರದೆಂದು ಉದುರಿದ ಒಂದೊಂದು ಹಣ್ಣನ್ನೂ ಹೆಕ್ಕಿ ಮಣ್ಣಲ್ಲಿ ಹೂಳುತ್ತಿದ್ದವರು ನೀವು. ಗಂಡ ತೀರಿಕೊಂಡ ಮೇಲೆ ಮರ ಕಡಿದು ಕಬ್ಬು ಹಚ್ಚೋಣವೆಂದು ದುಂಬಾಲು ಬಿದ್ದ ಮೈದುನರನ್ನು, ಆ ಮಾವಿನ ಗಳಿಕೆಯ ಬಲದಿಂದಲೇ ತಡೆದು ನಿಲ್ಲಿಸಿದ್ದಿರಿ. ಅವರಿಗೆ ನನ್ನ ಒಂದು ಮಾತು ಸಾಕಾಯಿತು. ದಿಗ್ಗೇವಾಡಿಯ ನಿಮ್ಮ ತೋಟಕ್ಕೆ ಕೊಡಲಿ ಬಿತ್ತು. ನಾನೋ ಮಾಲಕನ ಪಾಲಿಗೆ ನಿಯತ್ತಿನ, ಇಮಾನಿನ ಆಳಾದೆ — ಎಂಥ ಇಮಾನು ಅದು, ಸುಡಲಿ...

ಮೊನ್ನೆ ಸಂತೆಯಲ್ಲಿ ಸಿಕ್ಕಿರಿ. ನಿಮ್ಮದೇ ಹೊಲದಲ್ಲಿ, ಮೈದುನರ ಕಬ್ಬಿಗೆ ನೀವು ಕಳೆ ತೆಗೆಯಲು ಹೋಗುತ್ತೀರೆಂದು ಗೊತ್ತಾಯಿತು. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ನೀವು ಬೈಯಲಿಲ್ಲ. "ನನ್ನ ಹಣ್ಣಿನಿಂದ ನಿಮಗೆಲ್ಲಾ ಭಾಳ ತ್ರಾಸ ಆತು, ತಮ್ಮಾ. ಮನಸಿನ್ಯಾಗ ಇಟಗೋಬ್ಯಾಡ" ಎಂದಿರಿ. ಕ್ಷಮೆ ಕೇಳಿದಿರಿ ಅಕ್ಕಾ, ನೀವು — ನನ್ನ ಹತ್ತಿರ. ನಾನು ಏನೆಂದೆ? "ಇರ್ಲಿ ಬಿಡ್ರಿ" ಎಂದೆ. ದೊಡ್ಡ ಮನುಷ್ಯನ ಹಾಗೆ ನಿಮ್ಮನ್ನು ಕ್ಷಮಿಸಿ ಬಂದುಬಿಟ್ಟೆ.

ಅವತ್ತು ಮಾಲಕನ ಭಯವಿತ್ತು ಎನ್ನಬಹುದು. ಮೊನ್ನೆ ಯಾರ ಭಯವಿತ್ತು?

ನಾಳೆ ದಿಗ್ಗೇವಾಡಿಗೆ ಬರುತ್ತೇನೆ. ನಿಮ್ಮ ಮೈದುನರ ಎದುರೇ ಎಲ್ಲ ಹೇಳುತ್ತೇನೆ. ಬೈಯಿರಿ, ಕಾಲಾನ ಚಪ್ಪಲಿ ಕೈಗೆ ತಗೊಳ್ಳಿ. ಇರಲಿ ಬಿಡು ಎಂದು ಮಾತ್ರ ಅನ್ನಬೇಡಿ, ಅಕ್ಕಾ.