ಎಂದೂ ಒಡೆಯದ ಬಳೆಗಳು

ನಿನ್ನೆ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಬೈಲಹೊಂಗಲದ ನಮ್ಮ ಓಣಿಗೆ ಮೈಕು ಕಟ್ಟಿಕೊಂಡ ಆಟೊ ಬಂದು, ಯಾವುದೋ ಗಾದಿ ಅಂಗಡಿಯ ಪರವಾಗಿ ಒದರತೊಡಗಿತು: "ನಮ್ಮ ಗಾದಿಯ ಮೇಲೆ ಒಮ್ಮೆ ಮಲಗಿದವರು ಮತ್ತೆ ಏಳುವುದೇ ಇಲ್ಲ!" ನಾನು ಗಾಬರಿಯಾಗಿ ಎದ್ದು ಕುಳಿತೆ. ಸಿಟ್ಟು ಮಾತ್ರ ಬರಲಿಲ್ಲ. ಆ ಸಾಲು ಬರೆದ ಪುಣ್ಯಾತ್ಮನನ್ನು ಹುಡುಕಿ ಚಹಾ ಕುಡಿಸಬೇಕೆನಿಸಿತು. ನಾನೂ ಅದೇ ಕಸುಬಿನವನು.

ಜಾಹೀರಾತು ಬರೆಯುವವನೆಂದ ಕೂಡಲೇ ನೀವು ಗಾಜಿನ ಆಫೀಸು ಕಲ್ಪಿಸಿಕೊಳ್ಳಬೇಡಿ. ನಮ್ಮಲ್ಲಿರುವುದು ಒಂದು ಕಂಪ್ಯೂಟರು, ಒಂದು ಫ್ಲೆಕ್ಸ್ ಯಂತ್ರ. ಬ್ಯಾನರಿನಲ್ಲಿ ಗಿರಾಕಿಗೆ ಮಾಲಿಗಿಂತ ತನ್ನ ಫೋಟೊ ದೊಡ್ಡದಿರಬೇಕು. ಅವನ ಮಾವನ ಫೋಟೊ ಸಣ್ಣದಾದರೆ ಮನೆಯಲ್ಲಿ ಜಗಳ. ಉಳಿದ ಅಂಗೈಯಗಲ ಜಾಗದಲ್ಲಿ ನನ್ನ ಸಾಹಿತ್ಯ. ಆದರೂ ಕಾರ್ಡಿನಲ್ಲಿ 'ಕ್ರಿಯೇಟಿವ್ ಹೆಡ್' ಎಂದು ಅಚ್ಚು ಹಾಕಿಸಿಕೊಂಡಿದ್ದೆ. ಹಿಂದೊಮ್ಮೆ ಸವದತ್ತಿಯ ಬಸಣ್ಣನ ಬಳೆ ಅಂಗಡಿಗೆ ನಾನು ಕೊಟ್ಟ ಸಾಲು ಆ ಹೆಡ್ಡಿನಿಂದಲೇ ಬಂದದ್ದು.

ವರ್ಷಗಟ್ಟಲೆ ಸಂತೆಯಿಂದ ಸಂತೆಗೆ ಬಳೆ ಹೊತ್ತು ತಿರುಗಿದ ಬಸಣ್ಣ ಆಗಷ್ಟೇ ಸ್ವಂತ ಅಂಗಡಿ ಹಾಕಿದ್ದ. ಪಂಚಮಿ ಹತ್ತಿರ ಬಂದಿತ್ತು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬಳೆ ಇಡಿಸಿಕೊಳ್ಳುವ ಕಾಲ. ಆ ಹಬ್ಬ ಕೈತಪ್ಪಿದರೆ ಅವನು ಅಂಗಡಿ ಬಿಟ್ಟು ಮತ್ತೆ ಗಂಟು ಹೊರಬೇಕಿತ್ತು.

"ಏನರ ಜಬರ್ದಸ್ತ್ ಬರೀರಿ, ಸಾಹೇಬ್ರ," ಎಂದ.

ಬರೆದೆ: 'ಎಂದೂ ಒಡೆಯದ ಬಳೆಗಳು!' ಆಟೊ ಮುನವಳ್ಳಿ, ಹೂಲಿ ಎಲ್ಲ ಸುತ್ತಿ ಸಾರಿ ಬಂತು. ಅಂಗಡಿಯತ್ತ ಒಬ್ಬ ಹೆಂಗಸೂ ಸುಳಿಯಲಿಲ್ಲ. ಬಸಣ್ಣನ ಹೆಂಡತಿ ಪಾರವ್ವ ಫೋನಿನಲ್ಲೇ ನನ್ನ ಜನ್ಮ ಜಾಲಾಡಿದಳು.

"ಬಳಿ ಒಡೀತು ಅಂತ ಯಾವ ಮುತ್ತೈದಿ ಅಂತಾಳ್ರಿ? ಗಂಡ ಸತ್ತಾಗ ಒಡ್ಯೂದದು! ಹಬ್ಬದಾಗ ಮೈಕ್ ಹಚ್ಚಿ ಒದರಿಸೀರಲ್ಲ! ಬಳಿ ಹೆಚ್ಚಿತು ಅನಬೇಕ್ರಿ."

ನಿಜವೇ. ನಮ್ಮ ಕಡೆ ಬಳೆಗೆ 'ಬಳಿ' ಎನ್ನುತ್ತಾರೆ, ಅದು ಚೂರುಚೂರಾದರೂ 'ಹೆಚ್ಚಿತು' ಎನ್ನುತ್ತಾರೆ. ನಮ್ಮ ಅವ್ವನೂ ಹಾಗೇ ಅನ್ನುತ್ತಿದ್ದಳು. ತಕ್ಷಣ ತಿದ್ದಿ ಕಳಿಸಿದೆ: 'ಎಂದೂ ಹೆಚ್ಚದ ಬಳೆಗಳು!'

ಈ ಸಲ ಬಸಣ್ಣನೇ ಬಸ್ಸು ಹತ್ತಿ ಬಂದ. "ನಮ್ಮ ಧಂದೆ ಹೆಚ್ಚಬಾರದೇನ್ರಿ? ಬಾಜೂ ಅಂಗಡ್ಯಾವ್ರು ಬಿದ್ದು ಬಿದ್ದು ನಗಾಕತ್ತಾರ!" ನನಗೂ ನಗು ಬಂತು. ಆದರೆ ಅವನ ಕಣ್ಣು ಒದ್ದೆಯಾಗಿದ್ದನ್ನು ಕಂಡು ನಿಜಕ್ಕೂ ಹೆದರಿಕೆಯಾಯಿತು. ಅವನ ಜೊತೆಗೇ ಸವದತ್ತಿಗೆ ಹೊರಟೆ.

ಅಂಗಡಿಯಲ್ಲಿ ಪಾರವ್ವ ತನ್ನ ತಂಗಿಯ ಮಗಳಿಗೆ ಬಳೆ ಇಡುತ್ತಿದ್ದಳು. ಒಂದು ಬಳೆ ಪಟ್ಟೆಂದಿತು. "ಹೆಚ್ಚಿತು ನೋಡವಾ, ಛಲೋ ಆತು," ಎಂದು ನಕ್ಕು ಇನ್ನೊಂದಕ್ಕೆ ಕೈಹಾಕಿದಳು. ಆಗ ನನಗೆ ಹೊಳೆಯಿತು. ಒಡೆಯದ ಬಳೆ ಮಾರಿದರೆ ಬಳೆಗಾರ ಬದುಕುವುದು ಹೇಗೆ? ಅಂದು ಸಂಜೆಯೇ ಹೊಸ ಬೋರ್ಡು ಏರಿತು: 'ನಿಮ್ಮ ಬಳಿ ಹೆಚ್ಚಲಿ!'

ಹರಸಿದಂತೆಯೂ ಆಯಿತು, ಬೇಗ ಚೂರಾಗಲಿ ಎಂದು ಬೇಡಿಕೊಂಡಂತೆಯೂ ಆಯಿತು. ಹೆಂಗಸರಿಗೆ ಎರಡೂ ತಿಳಿಯಿತು. ಬಾಯಿಗೆ ಸೆರಗು ಹಿಡಿದು ನಗುತ್ತಲೇ ಬಂದು ಕೈ ಚಾಚಿದರು. ಆ ಪಂಚಮಿಗೆ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ಇವತ್ತು ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ ಅಲ್ಲಿಗೆ ಹೋದೆ. ಮೈಸೂರು ಕಡೆಯ ಹೆಂಗಸೊಬ್ಬರು ಬೋರ್ಡು ಓದುತ್ತ ನಿಂತಿದ್ದರು. ಅವರ ಕಡೆ 'ಬಳಿ' ಎಂದರೆ ಹತ್ತಿರ.

"ನಮ್ಮ ಬಳಿ ಏನು ಹೆಚ್ಚಬೇಕು?" ಎಂದು ಕೇಳಿದರು.

ವ್ಯಾಕರಣಸಮೇತ ವಿವರಿಸೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸಣ್ಣ, "ಕೈಯಾಗ ಇಟ್ಟಮ್ಯಾಲೆ ತಿಳಿತೈತ್ರಿ, ಅಕ್ಕಾರ. ಕುಂದರ್ರಿ," ಎಂದು ಹಸಿರು ಬಳೆ ಎತ್ತಿಕೊಂಡ. ಅವರು ಕುಳಿತರು.

ನಾನು ಮೆಲ್ಲಗೆ ಬಾಯಿ ಮುಚ್ಚಿಕೊಂಡೆ.